ಹೊಸ ವರ್ಷದ ಕಡಲಲ್ಲಿ ಬೂದು ತಿಮಿಂಗಿಲ: ತಪ್ಪು ಕಲ್ಪನೆ ಮತ್ತು ಸತ್ಯ

ವರ್ಷದ ಕೊನೆಯ ರಜೆ ಬಂತೆಂದರೆ ಅಮೆರಿಕದ ಕ್ಯಾಲಿಫೋರ್ನಿಯಾ ತೀರದಲ್ಲಿ ಹಾಯಿದೋಣಿಗಳು ಕಡಲಿಗಿಳಿಯುತ್ತವೆ. ಅದೇ ದಿನಗಳಲ್ಲಿ ಬೂದು ತಿಮಿಂಗಿಲಗಳು ಸ್ಯಾನ್ ಡಿಯೇಗೋ ದಾಟಿ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದತ್ತ ಸಾಗುತ್ತಿರುತ್ತವೆ. ಅಲ್ಲಿ ನೆಲೆಸಿರುವ ಕನ್ನಡಿಗರೂ, ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರೂ ಈ ನೋಟಕ್ಕಾಗಿ ದೋಣಿ ಹತ್ತುವುದುಂಟು. ತಲೆಯಲ್ಲಿ ತಪ್ಪು ಚಿತ್ರ ಇಟ್ಟುಕೊಂಡು ಹೋದರೆ ಎದುರಿಗಿರುವ ತಿಮಿಂಗಿಲವೂ ಕಣ್ಣಿಗೆ ಬೀಳದು. ಕಂಡರೂ ನಮ್ಮ ಉತ್ಸಾಹವೇ ಅದಕ್ಕೆ ಕಾಟವಾದೀತು.

ತಪ್ಪು ಕಲ್ಪನೆ: ಅವು ಆಹಾರ ಹುಡುಕಿಕೊಂಡು ದಕ್ಷಿಣಕ್ಕೆ ಬರುತ್ತವೆ.

ಸತ್ಯ: ಊಟವೆಲ್ಲ ಉತ್ತರದಲ್ಲಿ. ಬೇಸಿಗೆಯಲ್ಲಿ ಬೇರಿಂಗ್ ಮತ್ತು ಚುಕ್ಚಿ ಸಮುದ್ರಗಳ ತಳದ ಕೆಸರನ್ನು ಹೀರಿ, ಅದರಲ್ಲಿರುವ ಸೀಗಡಿಯಂಥ ಪುಟ್ಟ ಜೀವಿಗಳನ್ನು ಸೋಸಿ ತಿಂದು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತವೆ. ಹೋಗಿ ಬರುವ ದಾರಿ ಸುಮಾರು 16,000ದಿಂದ 20,000 ಕಿಲೋಮೀಟರ್. ಅದರ ಉದ್ದಕ್ಕೂ ಬಹುಮಟ್ಟಿಗೆ ಉಪವಾಸವೇ. ಮುಂಚೂಣಿಯಲ್ಲಿ ಬರುವವು ತುಂಬು ಗರ್ಭಿಣಿಯರು. ಬಾಹಾದ ಸ್ಯಾನ್ ಇಗ್ನಾಸಿಯೊದಂಥ ಬೆಚ್ಚಗಿನ, ಅಲೆಯ ಹೊಡೆತವಿಲ್ಲದ ಹಿನ್ನೀರುಗಳಲ್ಲಿ ಅವು ಮರಿ ಹಾಕುತ್ತವೆ. ಕೆಲವಕ್ಕೆ ದಾರಿಯಲ್ಲೇ ಹೆರಿಗೆಯಾಗುತ್ತದೆ.

ತಪ್ಪು ಕಲ್ಪನೆ: ತಿಮಿಂಗಿಲ ತಲೆಯಿಂದ ನೀರಿನ ಕಾರಂಜಿ ಚಿಮ್ಮಿಸುತ್ತದೆ.

ಸತ್ಯ: ಅದು ಉಸಿರು. ತಿಮಿಂಗಿಲ ಮೀನಲ್ಲ, ಶ್ವಾಸಕೋಶವಿರುವ ಸಸ್ತನಿ. ಒಳಗಿನ ಬಿಸಿ ಗಾಳಿ ರಭಸದಿಂದ ಹೊರಬಂದಾಗ, ಚಳಿಗಾಲದ ಬೆಳಗ್ಗೆ ನಮ್ಮ ಬಾಯಿಂದ ಹೊಗೆ ಹೊರಟಂತೆ, ಆವಿ ತಂಪಾಗಿ ಬೆಳ್ಳಗೆ ಕಾಣುತ್ತದೆ. ನೆತ್ತಿಯ ಮೇಲಿದ್ದ ಒಂದಿಷ್ಟು ನೀರೂ ಅದರೊಂದಿಗೆ ಹಾರುತ್ತದೆ. ಬೂದು ತಿಮಿಂಗಿಲಕ್ಕೆ ಎರಡು ಉಸಿರುರಂಧ್ರಗಳಿರುವುದರಿಂದ, ಗಾಳಿ ಇಲ್ಲದ ಹೊತ್ತಿನಲ್ಲಿ ಹಿಂದಿನಿಂದಲೋ ಮುಂದಿನಿಂದಲೋ ನೋಡಿದರೆ ಈ ಉಸಿರು ಹೃದಯದ ಆಕಾರದಲ್ಲಿ ಕಾಣಬಹುದು.

ತಪ್ಪು ಕಲ್ಪನೆ: ನೀರಿನಿಂದ ಮೇಲಕ್ಕೆ ಹಾರುವಾಗ, ಇಲ್ಲವೇ ಬೆನ್ನಿನ ರೆಕ್ಕೆ ಕಂಡಾಗ ಮಾತ್ರ ಗುರುತು ಸಿಗುತ್ತದೆ. ಮುಳುಗಿತೆಂದರೆ ಮುಗಿಯಿತು.

ಸತ್ಯ: ಬೂದು ತಿಮಿಂಗಿಲದ ಬೆನ್ನಿಗೆ ರೆಕ್ಕೆಯೇ ಇಲ್ಲ. ಅಲ್ಲಿರುವುದು ಒಂದು ತಗ್ಗು ಉಬ್ಬು, ಅದರ ಹಿಂದೆ ಬಾಲದವರೆಗೆ ಸಾಲಾಗಿ ಗೆಣ್ಣುಗಳು. ಮೈಮೇಲೆ ಬಾರ್ನಕಲ್ ಎಂಬ ಚಿಪ್ಪುಜೀವಿಗಳು ಅಂಟಿಕೊಂಡ ಬಿಳಿ ಮಚ್ಚೆಗಳು. ಸಾಗುವಾಗ ಅದು ಸಾಮಾನ್ಯವಾಗಿ ಮೂರರಿಂದ ಐದು ಬಾರಿ ಉಸಿರು ಬಿಟ್ಟು, ಬಾಲವೆತ್ತಿ ಮುಳುಗಿ, ಕೆಲವೇ ನಿಮಿಷಗಳಲ್ಲಿ ಮತ್ತೆ ಮೇಲೇಳುತ್ತದೆ. ಮುಳುಗಿದ ಜಾಗವನ್ನು ಗಮನಿಸಿ: ಬಾಲದ ಬಡಿತಕ್ಕೆ ಕೆಳಗಿನ ನೀರು ಉಕ್ಕಿ ಬಂದು, ಸುತ್ತಲೂ ಅಲೆಯಿದ್ದರೂ ಅಲ್ಲೊಂದು ನುಣುಪಾದ ವೃತ್ತ ನಿಲ್ಲುತ್ತದೆ. ಒಂದರ ಮುಂದೊಂದು ಕಾಣುವ ಈ ವೃತ್ತಗಳು ಅದರ ಹೆಜ್ಜೆ ಗುರುತುಗಳು. ಅವು ಸಾಗುವ ದಿಕ್ಕಿನಲ್ಲಿ ಕಣ್ಣಿಟ್ಟರೆ ಮುಂದಿನ ಉಸಿರು ಎಲ್ಲಿ ಏಳುವುದೆಂಬ ಅಂದಾಜು ಸಿಗುತ್ತದೆ.

ತಪ್ಪು ಕಲ್ಪನೆ: ಎಂಜಿನ್ ಸದ್ದಿಲ್ಲದ ಹಾಯಿದೋಣಿಯಿಂದ ಅಪಾಯವಿಲ್ಲ.

ಸತ್ಯ: ಸದ್ದಿಲ್ಲದೆ ಬರುವ ದೋಣಿಯ ಸುಳಿವು ತಿಮಿಂಗಿಲಕ್ಕೆ ಸಿಗದೆಯೂ ಹೋಗಬಹುದು. ಹಾಯಿದೋಣಿಗಳು ತಿಮಿಂಗಿಲಗಳಿಗೆ ಡಿಕ್ಕಿ ಹೊಡೆದ ಪ್ರಸಂಗಗಳು ಹಲವು ಕಡಲುಗಳಲ್ಲಿ ದಾಖಲಾಗಿವೆ. ಹದಿಮೂರು ಹದಿನಾಲ್ಕು ಮೀಟರ್ ಉದ್ದದ, ಮೂವತ್ತು ಟನ್ ತೂಗುವ ಪ್ರಾಣಿಗೆ ತಗುಲಿದರೆ ದೋಣಿಯಲ್ಲಿರುವವರಿಗೂ ಗಂಡಾಂತರವೇ. ಆದ್ದರಿಂದ ದೋಣಿಯ ಮೂತಿಯಲ್ಲಿ ಒಬ್ಬರು ಸದಾ ಕಾವಲಿರಬೇಕು.

ತಪ್ಪು ಕಲ್ಪನೆ: ಅವು ಸ್ನೇಹಜೀವಿಗಳು, ಹತ್ತಿರ ಹೋದರೆ ಖುಷಿಪಡುತ್ತವೆ.

ಸತ್ಯ: 1972ರಲ್ಲಿ ಸ್ಯಾನ್ ಇಗ್ನಾಸಿಯೊ ಹಿನ್ನೀರಿನಲ್ಲಿ ಫ್ರಾನ್ಸಿಸ್ಕೊ ಮಾಯೊರಾಲ್ ಎಂಬ ಮೀನುಗಾರರ ದೋಣಿಯ ಪಕ್ಕಕ್ಕೆ ತಿಮಿಂಗಿಲವೊಂದು ತಾನಾಗಿ ಬಂತು. ಅವರು ಅದನ್ನು ಮುಟ್ಟಿದರು. ಅಂಥ ಭೇಟಿಗಳು ಅಲ್ಲಿ ಇಂದಿಗೂ ನಡೆಯುತ್ತವೆ. ಅಲ್ಲಿ ಹತ್ತಿರ ಬರುವುದು ತಿಮಿಂಗಿಲದ ಇಷ್ಟ. ತೆರೆದ ಕಡಲಲ್ಲಿ ಬೆನ್ನಟ್ಟುವುದು ನಮ್ಮ ಹಟ. ಕ್ಯಾಲಿಫೋರ್ನಿಯಾ ತೀರದಲ್ಲಿ ಕನಿಷ್ಠ 100 ಗಜ, ಅಂದರೆ ಸುಮಾರು 91 ಮೀಟರ್ ಅಂತರ ಬಿಡಬೇಕೆಂಬ ಮಾರ್ಗಸೂಚಿ ಇದೆ. ದಾರಿಗೆ ಅಡ್ಡ ಹೋಗಬಾರದು, ತಾಯಿ ಮರಿಗಳ ನಡುವೆ ನುಗ್ಗಬಾರದು. ತಿಮಿಂಗಿಲಕ್ಕೆ ಕಿರುಕುಳ ಕೊಡುವುದು ಅಮೆರಿಕದ 1972ರ ಕಾನೂನಿನ ಪ್ರಕಾರ ಅಪರಾಧ.

ತಪ್ಪು ಕಲ್ಪನೆ: ಎಲ್ಲ ತಿಮಿಂಗಿಲಗಳೂ ಹೀಗೆಯೇ ವಲಸೆ ಹೋಗುತ್ತವೆ.

ಸತ್ಯ: ನಮ್ಮ ಅರಬ್ಬಿ ಸಮುದ್ರದ ಗೂನುಬೆನ್ನಿನ ತಿಮಿಂಗಿಲಗಳು ಧ್ರುವದ ಕಡೆಗೆ ಹೋಗುವುದೇ ಇಲ್ಲ. ಮುಂಗಾರು ಮಾರುತಗಳು ಒಮಾನ್ ತೀರದಲ್ಲಿ ತಳದ ಸತ್ವಯುತ ನೀರನ್ನು ಮೇಲಕ್ಕೆ ತರುತ್ತವೆ. ಅದರಿಂದ ಅವುಗಳಿಗೆ ಇಲ್ಲೇ ಆಹಾರ ಸಿಗುತ್ತದೆ, ಮರಿ ಮಾಡುವುದೂ ಇಲ್ಲೇ.

ತಪ್ಪು ಕಲ್ಪನೆ: ಬೇಟೆ ನಿಂತಿದೆ, ಬೂದು ತಿಮಿಂಗಿಲ ಈಗ ಕ್ಷೇಮ.

ಸತ್ಯ: ವಾಣಿಜ್ಯ ಬೇಟೆ ನಿಂತ ಮೇಲೆ ಚೇತರಿಸಿಕೊಂಡು 1994ರಲ್ಲಿ ಪೂರ್ವ ಪೆಸಿಫಿಕ್‌ನ ಈ ಸಂತತಿ ಅಮೆರಿಕದ ಅಪಾಯದಂಚಿನ ಪಟ್ಟಿಯಿಂದ ಹೊರಬಂದದ್ದು ನಿಜ. ಆದರೆ 2016ರಲ್ಲಿ ಸುಮಾರು 27,000 ಇದ್ದ ಸಂಖ್ಯೆ 2025ರ ಅಂದಾಜಿನಲ್ಲಿ ಸುಮಾರು 13,000ಕ್ಕೆ ಇಳಿದಿದೆ. ಉತ್ತರದ ಕಡಲು ಬದಲಾಗುತ್ತಿದೆ, ಅಲ್ಲಿ ಹೊಟ್ಟೆ ತುಂಬದ ತಿಮಿಂಗಿಲಗಳು ಬಡಕಲಾಗಿ ದಡಕ್ಕೆ ಬಿದ್ದು ಸತ್ತಿವೆ. ಉಪವಾಸದಲ್ಲಿರುವ ಗರ್ಭಿಣಿಯನ್ನು ದೋಣಿಯೊಂದು ಬೆನ್ನಟ್ಟಿದರೆ, ಮರಿಗೆ ಹಾಲಾಗಬೇಕಾದ ಕೊಬ್ಬು ಓಟದಲ್ಲೇ ಕರಗುತ್ತದೆ. ದೋಣಿ ಗೊತ್ತು ಮಾಡುವಾಗಲೇ ಅಂತರದ ನಿಯಮ ಪಾಲಿಸುತ್ತೀರಾ ಎಂದು ಕೇಳಿ. ಕಡಲಿಗಿಳಿದ ಮೇಲೆ ಇನ್ನೂ ಹತ್ತಿರ ಹೋಗೋಣ ಎಂದು ದೋಣಿ ನಡೆಸುವವರನ್ನು ಪೀಡಿಸಬೇಡಿ. ಮಕ್ಕಳ ಕೈಗೊಂದು ಒಳ್ಳೆಯ ದುರ್ಬೀನು ಕೊಟ್ಟರೆ, 100 ಗಜದಾಚೆಯಿಂದಲೂ ಬೆನ್ನಿನ ಗೆಣ್ಣುಗಳನ್ನು ಎಣಿಸಬಹುದು.