ಒಂದೂವರೆ ಕಿಲೋಮೀಟರ್ ಮರೆ

ಯಶವಂತಪುರದಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ರಾತ್ರಿಗೆ ಕಾರವಾರ. ಯಲಹಂಕದ ನಮ್ಮ ಮನೆಯಿಂದ ಸಮುದ್ರಕ್ಕೆ 900 ಮೀಟರ್ ಇಳಿಜಾರು. ಅಷ್ಟನ್ನೂ ಇಳಿದು ಮರುದಿನ ಬೈತಖೋಲ ಬಂದರಿಗೆ ಹೋದಾಗ ನನ್ನ ಕಣ್ಣು ನೆಟ್ಟಿದ್ದು ಒಂದು ಲೋಟ ಚಹಾದ ಮೇಲೆ. ಲಂಗರು ಹಾಕಿದ ದೋಣಿಯ ಅಂಚಿನಲ್ಲಿ ಯಾರೋ ಇಟ್ಟಿದ್ದರು. ಗುಡ್ಡದಾಚೆ ಅಲೆ ಬಂಡೆಗೆ ಬಡಿಯುತ್ತಿತ್ತು. ಇಲ್ಲಿ ಚಹಾ ತುಳುಕಲಿಲ್ಲ, ಲಂಗರಿನ ಹಗ್ಗ ಸಡಿಲವಾಗಿ ಜೋತುಬಿದ್ದಿತ್ತು.

ನಮ್ಮ ಕರಾವಳಿಯಲ್ಲಿ ಇಂಥ ಗಾಳಿಮರೆಗೆ ಹೆಸರಾದದ್ದು ಬಿಣಗಾ ಊರಿನ ಎದುರಿನ ಅಂಜುದೀವ್ ದ್ವೀಪ. ಉದ್ದ ಸುಮಾರು ಒಂದೂವರೆ ಕಿಲೋಮೀಟರ್. ಇಪ್ಪತ್ತು ನಿಮಿಷದ ನಡಿಗೆ, ಅಷ್ಟೇ.

ಇಷ್ಟು ನೆಲದ ಹಿಂದೆ 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ನಿಂತು ದುರಸ್ತಿಯಾದವು. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. ನನ್ನನ್ನು ಹಿಡಿದು ನಿಲ್ಲಿಸುವುದು ಅದಲ್ಲ, 1662. ತಮ್ಮ ದೊರೆಗೆ ಪೋರ್ಚುಗೀಸರಿಂದ ಮದುವೆಯ ಬಳುವಳಿಯಾಗಿ ಸಿಕ್ಕ ಬೊಂಬಾಯಿಯನ್ನು ವಶಕ್ಕೆ ಪಡೆಯಲು ಇಂಗ್ಲೆಂಡಿನಿಂದ ಅಬ್ರಹಾಂ ಶಿಪ್‌ಮನ್ ಜೊತೆ ನಾನೂರಕ್ಕೂ ಹೆಚ್ಚು ಸೈನಿಕರು ಬಂದರು. ಅಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಊರು ಬಿಟ್ಟುಕೊಡಲಿಲ್ಲ. ಹೋಗಲು ಬೇರೆ ನೆಲೆಯಿಲ್ಲದ ದಂಡು ಅಂಜುದೀವಿನಲ್ಲಿ ಇಳಿಯಿತು. ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಸುರಿಯುವ ಕರೆ ಅದು, ಬೆಂಗಳೂರಿನ ಮೂರು ಪಟ್ಟು. ಅಲ್ಲಿದ್ದಾಗಲೇ ಕಾಯಿಲೆಗೆ ಶಿಪ್‌ಮನ್ ಸತ್ತ. 1665ರಲ್ಲಿ ಬೊಂಬಾಯಿ ಕೈಸೇರಿದಾಗ ದಂಡಿನಲ್ಲಿ ಉಳಿದಿದ್ದವರು ಸುಮಾರು ನೂರು. ನಾಲ್ವರಲ್ಲಿ ಮೂವರು ಇಲ್ಲವಾಗಿದ್ದರು! ಕೊಂದದ್ದು ಶತ್ರುವಲ್ಲ, ಅಲೆಯೂ ಅಲ್ಲ. ಹಡಗಿಗೆ ಒಳ್ಳೆಯ ಮರೆಯಾದ ದ್ವೀಪ ಮನುಷ್ಯರಿಗೆ ಆಸರೆಯಾಗಲಿಲ್ಲ. ಆ ಮುನ್ನೂರು ಜನ, ಬಹುಪಾಲು ಹೆಸರಿಲ್ಲದ ಬಡ ಹುಡುಗರು, ನನ್ನ ಮನಸ್ಸಿನಿಂದ ಹೋಗುವುದಿಲ್ಲ.

1961ರ ಡಿಸೆಂಬರಿನಲ್ಲಿ ಐಎನ್ಎಸ್ ಮೈಸೂರು, ತ್ರಿಶೂಲ್ ಹಡಗುಗಳ ನೌಕಾಪಡೆಯವರು ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಲು ಇಲ್ಲಿಗೆ ಇಳಿದರು. ಏಳು ಮಂದಿ ಮರಳಲಿಲ್ಲ.

ಈಗ ಅಲೆತಡೆ ಗೋಡೆ ದ್ವೀಪವನ್ನು ದಡಕ್ಕೆ ಬೆಸೆದಿದೆ. 2005ರಲ್ಲಿ ಆರಂಭವಾದ ಕದಂಬ ನೌಕಾನೆಲೆಗೆ ಸೇರಿದ್ದು ಹನ್ನೊಂದು ಸಾವಿರ ಎಕರೆಗೂ ಹೆಚ್ಚು ಜಾಗ. ಗಾಮನ ಹಡಗು ಮೂವತ್ತು ಮೀಟರ್ ಕೂಡ ಇರಲಿಲ್ಲ. ಇಲ್ಲಿ ನೆಲೆನಿಲ್ಲುವ ವಿಮಾನವಾಹಕ ನೌಕೆ ವಿಕ್ರಮಾದಿತ್ಯ 284 ಮೀಟರ್, ತೂಕ 44,500 ಟನ್. ಅಂಥ ಐದು ಹಡಗುಗಳನ್ನು ಸಾಲಾಗಿ ನಿಲ್ಲಿಸಿದರೆ ಅಂಜುದೀವಿನ ಉದ್ದ ಹೆಚ್ಚುಕಡಿಮೆ ಮುಗಿಯಿತು.