ಒಂದು ಸೋಲಿಗೇ ಊರ ಬಸ್ಸು: ಪಂದ್ಯಾವಳಿಯ ಪದ್ಧತಿ ಮತ್ತು ದುರ್ಬಲ ತಂಡ

ಕಂಪ್ಲಿಯು ಇನ್ನೂ ಹೊಸಪೇಟೆ ತಾಲ್ಲೂಕಿಗೆ ಸೇರಿದ್ದ ದಿನಗಳನ್ನು ನೆನೆಯೋಣ. ಆ ಕಡೆಯ ಹಳ್ಳಿಯೊಂದರ ಪ್ರೌಢಶಾಲೆಯ ಕಬಡ್ಡಿ ತಂಡ ತಾಲ್ಲೂಕು ಕ್ರೀಡಾಕೂಟಕ್ಕೆಂದು ನಸುಕಿನಲ್ಲೇ ಎದ್ದು, ಬುತ್ತಿ ಕಟ್ಟಿಕೊಂಡು, ಮೊದಲ ಬಸ್ಸು ಹಿಡಿದು ಹೊಸಪೇಟೆಗೆ ಬರುತ್ತದೆ ಎನ್ನಿ. ಚೀಟಿ ಎತ್ತಿದಾಗ ಎದುರಿಗೆ ಬಂದದ್ದು ಹಿಂದಿನ ವರ್ಷ ಗೆದ್ದ ಪಟ್ಟಣದ ತಂಡ. ಹದಿನೈದು ನಿಮಿಷದ ಎರಡು ಅವಧಿಗಳು ಕಳೆದವು, ಆಟ ಮುಗಿಯಿತು. ಬುತ್ತಿ ಬಿಚ್ಚುವ ಮೊದಲೇ ಆ ಕೂಟದಲ್ಲಿ ಅವರ ಪಾಲು ತೀರಿತ್ತು. ವರ್ಷವಿಡೀ ಬೆವರು ಸುರಿಸಿದ್ದಕ್ಕೆ ಸಿಕ್ಕಿದ್ದು ಅರ್ಧ ಗಂಟೆಯ ಆಟ.

ಹುಡುಗರು ದುರ್ಬಲರಿದ್ದರು, ಸೋತರು ಎಂದು ಹೇಳಿ ಮುಗಿಸಬಹುದು. ಆದರೆ ಈ ಸೋಲಿನಲ್ಲಿ ಪಂದ್ಯಾವಳಿಯ ಪದ್ಧತಿಗೂ ಪಾಲಿಲ್ಲವೆ?

ಸೋತವರು ಹೊರಗೆ, ಗೆದ್ದವರು ಮುಂದಕ್ಕೆ ಎಂಬುದು ನಾಕೌಟ್ ಪದ್ಧತಿ. ಎಂಟು ತಂಡಗಳಿದ್ದರೆ ಏಳೇ ಪಂದ್ಯಗಳಲ್ಲಿ ಎಲ್ಲವೂ ಮುಗಿಯುತ್ತದೆ. ಎಲ್ಲರೂ ಎಲ್ಲರೊಡನೆ ಆಡುವುದು ಲೀಗ್ ಪದ್ಧತಿ. ಅದೇ ಎಂಟು ತಂಡಗಳಿಗೆ 28 ಪಂದ್ಯಗಳು ಬೇಕು. ಒಂದೇ ದಿನ, ಒಂದೇ ಅಂಕಣ ಇರುವ ಕಡೆ ದೈಹಿಕ ಶಿಕ್ಷಕರು ನಾಕೌಟನ್ನೇ ಹಿಡಿಯುವುದು ಏಕೆಂದು ಇದರಿಂದಲೇ ತಿಳಿಯುತ್ತದೆ.

ಹಾಗಾದರೆ ಲೀಗ್ ಬಡವರ ಪರ, ನಾಕೌಟ್ ಬಲ್ಲಿದರ ಪರ ಎನ್ನೋಣವೆ? ಸ್ವಲ್ಪ ತಡೆಯಿರಿ, ಪೆನ್ಸಿಲ್ಲು ತೆಗೆದುಕೊಳ್ಳಿ. ನಮ್ಮ ಹಳ್ಳಿಯ ತಂಡ ಪಟ್ಟಣದ ತಂಡವನ್ನು ನೂರರಲ್ಲಿ 30 ಸಲ ಸೋಲಿಸಬಲ್ಲದು ಎಂದಿಟ್ಟುಕೊಳ್ಳಿ. ಒಂದೇ ಪಂದ್ಯವಾದರೆ ಅದರ ಅವಕಾಶ ನೂರಕ್ಕೆ 30. ಮೂರರಲ್ಲಿ ಎರಡು ಗೆಲ್ಲಬೇಕು ಎಂದರೆ ಅದು ಸುಮಾರು 22ಕ್ಕೆ ಇಳಿಯುತ್ತದೆ. ಐದರಲ್ಲಿ ಮೂರು ಎಂದರೆ 16. ಪಂದ್ಯಗಳು ಹೆಚ್ಚಿದಷ್ಟೂ ಅದೃಷ್ಟದ ಪಾಲು ಕರಗಿ ಬಲದ ಪಾಲು ಮೇಲೇಳುತ್ತದೆ. ಬಲಿಷ್ಠ ತಂಡದ ಒಂದು ಕೆಟ್ಟ ದಿನವನ್ನು ಲೀಗ್ ಮನ್ನಿಸುತ್ತದೆ, ನಾಕೌಟ್ ಮನ್ನಿಸುವುದಿಲ್ಲ. ಅಚ್ಚರಿಯ ಗೆಲುವುಗಳು ನಾಕೌಟಿನಲ್ಲೇ ಹೆಚ್ಚು.

ಆದರೆ ಅಚ್ಚರಿ ಒಂದು ಸಲ ನಡೆದರೆ ಸಾಲದು. ಕಪ್ಪು ಎತ್ತಬೇಕಾದರೆ ಎಂಟು ತಂಡಗಳ ಕೂಟದಲ್ಲಿ ಸತತವಾಗಿ ಮೂರು ಸಲ ನಡೆಯಬೇಕು. ಮೂರು ಸಲವೂ ಬಲಿಷ್ಠರೇ ಎದುರಾದರೆ ನಮ್ಮ ತಂಡದ ಅವಕಾಶ ನೂರಕ್ಕೆ ಮೂರೂ ಇಲ್ಲ! ಅಂದರೆ ದುರ್ಬಲ ತಂಡಕ್ಕೆ ನಾಕೌಟ್ ಕೊಡುವುದು ಒಂದು ದಿನದ ಸಂಭ್ರಮದ ಆಸೆ. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಉಳಿದ ದಿನಗಳ ಆಟ. ಗೆಲ್ಲುವ ಅವಕಾಶ ಬೇರೆ, ಆಡುವ ಅವಕಾಶ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಈ ವಿಷಯದ ಚರ್ಚೆಗಳೆಲ್ಲ ದಾರಿ ತಪ್ಪುತ್ತವೆ.

ದೊಡ್ಡ ಮಟ್ಟದಲ್ಲಿ ಇದನ್ನು ನೋಡಲು ರಣಜಿ ಟ್ರೋಫಿಯಷ್ಟು ಒಳ್ಳೆಯ ಪಾಠವಿಲ್ಲ. 1934-35ರಲ್ಲಿ ಅದು ನಾಕೌಟಾಗಿ ಆರಂಭವಾಯಿತು. 1957-58ರಿಂದ ವಲಯಗಳೊಳಗೆ ಲೀಗ್ ಬಂತು. ಮೊದಲು ವಲಯಕ್ಕೊಂದೇ ತಂಡ ಮುಂದೆ ಹೋಗುತ್ತಿತ್ತು, 1970-71ರಿಂದ ಎರಡು. ಬೊಂಬಾಯಿ 1958-59ರಿಂದ 1972-73ರವರೆಗೆ ಸತತ 15 ವರ್ಷ ಗೆದ್ದಿತು. ಅದನ್ನು ತಡೆದದ್ದು ನಮ್ಮ ಕರ್ನಾಟಕ, 1974ರ ಬೆಂಗಳೂರಿನ ಸೆಮಿಫೈನಲಿನಲ್ಲಿ. ಪ್ರಸನ್ನ ಅವರ ತಂಡ 385 ರನ್ನು ಮಾಡಿ ಬೊಂಬಾಯಿಯನ್ನು 307ಕ್ಕೆ ನಿಲ್ಲಿಸಿತು. ಪಂದ್ಯ ಡ್ರಾ ಆದರೂ ಮೊದಲ ಇನಿಂಗ್ಸಿನ ಮುನ್ನಡೆಯೇ ಸಾಕಾಯಿತು. ಕರ್ನಾಟಕ ಆಗ ದುರ್ಬಲವೇನೂ ಅಲ್ಲ. ವಿಶ್ವನಾಥ್, ಚಂದ್ರಶೇಖರ್ ಇದ್ದ ತಂಡವದು. ಆದರೂ ಎದುರಾಳಿಯನ್ನು ಎರಡು ಸಲ ಔಟು ಮಾಡಲೇಬೇಕು ಎಂಬ ನಿಯಮವಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ.

ಅದೇ ದಕ್ಷಿಣ ವಲಯದಲ್ಲಿದ್ದ ಕೇರಳವನ್ನು ನೋಡಿ. ಪ್ರತಿ ವರ್ಷವೂ ಅದು ಮೊದಲು ದಾಟಬೇಕಾದದ್ದು ಕರ್ನಾಟಕ, ತಮಿಳುನಾಡು, ಹೈದರಾಬಾದುಗಳನ್ನು. ಬೇರೆ ವಲಯದಲ್ಲಿ ಹುಟ್ಟಿದ್ದರೆ ದಾರಿ ಸುಲಭವಿರುತ್ತಿತ್ತೇನೋ. ಭೂಗೋಳವೇ ಅದಕ್ಕೆ ಎದುರಾಳಿಯಾಯಿತು. 2002-03ರಲ್ಲಿ ವಲಯಗಳು ಹೋಗಿ ಎಲೀಟ್, ಪ್ಲೇಟ್ ಎಂಬ ಗುಂಪುಗಳು ಬಂದವು. ಕೇರಳ ಪ್ಲೇಟ್ ಗುಂಪಿನಲ್ಲಿ ಹಲವು ವರ್ಷ ತನ್ನ ಸರಿಸಮರೊಡನೆ ಆಡಿತು. ಕೊನೆಗೆ ಮೊದಲ ಸಲ ಫೈನಲ್ ಮುಟ್ಟಿದ್ದು 2024-25ರಲ್ಲಿ, ಅದೂ ಹೇಗೆ? ಕ್ವಾರ್ಟರ್ ಫೈನಲಿನಲ್ಲಿ ಜಮ್ಮು ಮತ್ತು ಕಾಶ್ಮೀರದ ಮೇಲೆ ಒಂದೇ ಒಂದು ರನ್ನಿನ ಮುನ್ನಡೆ, ಸೆಮಿಫೈನಲಿನಲ್ಲಿ ಗುಜರಾತಿನ ಮೇಲೆ ಎರಡು ರನ್ನಿನದು!

ಸರಿಸಮರನ್ನು ಎದುರುಬದುರು ನಿಲ್ಲಿಸುವ ಈ ವಿಚಾರ ನಿನ್ನೆ ಮೊನ್ನೆಯದಲ್ಲ. ಸುಮಾರು 1520ರ ಹೊತ್ತಿಗೆ ಹಂಪಿಯಲ್ಲಿ ಮಹಾನವಮಿಯನ್ನು ಕಂಡ ಪೋರ್ಚುಗೀಸ ಡೊಮಿಂಗೋ ಪೇಸ್, ಅಲ್ಲಿನ ಜಟ್ಟಿಗಳ ಕಾಳಗವನ್ನು ವರ್ಣಿಸಿದ್ದಾನೆ. ಹಲ್ಲು ಮುರಿಯುವಂಥ, ಮುಖ ವಿಕಾರವಾಗುವಂಥ ಹೊಡೆತಗಳು. ಆದರೂ ಪ್ರತಿಯೊಬ್ಬನನ್ನೂ ಸರಿಸಮಾನವಾಗಿ ಕಣಕ್ಕಿಳಿಸಲು, ಗೆದ್ದವನಿಗೆ ಮರ್ಯಾದೆ ಸಲ್ಲಿಸಲು ತೀರ್ಪುಗಾರರು ಇದ್ದರೆಂದು ಬರೆದಿದ್ದಾನೆ. ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಜಟ್ಟಿಗಳನ್ನು ಇಂದಿಗೂ ಕಾಣಬಹುದು. ಮುಂದಿನ ಶಾಲಾ ಪ್ರವಾಸದಲ್ಲಿ ಹುಡುಕಿ ನೋಡಿ.

ಸಮಬಲರ ಗುಂಪು ಮಾಡಿದ ಮೇಲೆ ಅಲ್ಲಿಂದ ಮೇಲಕ್ಕೆ ಬಾಗಿಲು ಬೇಕೇ ಬೇಡವೆ? ಬೇಕು ಎನ್ನುತ್ತದೆ ರಾಜಸ್ಥಾನದ ಉದಾಹರಣೆ. 2010-11ರಲ್ಲಿ ಅದು ಪ್ಲೇಟ್ ಗುಂಪಿನಿಂದ ಕ್ವಾರ್ಟರ್ ಫೈನಲಿಗೆ ಬಂದು ರಣಜಿ ಟ್ರೋಫಿಯನ್ನೇ ಗೆದ್ದುಬಿಟ್ಟಿತು. ಐರ್ಲೆಂಡಿನ ಹರ್ಲಿಂಗ್ ಎಂಬ ಕೋಲು-ಚೆಂಡಿನ ಆಟದಲ್ಲೂ 2018ರಲ್ಲಿ ಎರಡನೆಯ ದರ್ಜೆಯ ತಂಡಗಳಿಗೆಂದೇ ಒಂದು ಕಪ್ ಆರಂಭವಾಯಿತು. ಮರುವರ್ಷ ಅದನ್ನು ಗೆದ್ದ ಲೀಷ್ ತಂಡ, ಮೇಲಿನ ದರ್ಜೆಯ ಡಬ್ಲಿನ್ ತಂಡವನ್ನು ಸೋಲಿಸಿತು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಕಾಲಿಗೆ ಬಲ ಬಾರದು. 2021-22ರಲ್ಲಿ ಪ್ಲೇಟ್ ಗುಂಪಿನಲ್ಲಿ ಮೊದಲಿಗನಾಗಿ ಬಂದ ನಾಗಾಲ್ಯಾಂಡಿನ ಎದುರು ಜಾರ್ಖಂಡ್ ಮೊದಲ ಇನಿಂಗ್ಸಿನಲ್ಲೇ 880 ರನ್ನು ಹೊಡೆಯಿತು. ಪಂದ್ಯ ಮುಗಿದಾಗ ಜಾರ್ಖಂಡಿನ ಮುನ್ನಡೆ 1008. ಇಷ್ಟು ಅಂತರದ ಆಟದಿಂದ ಯಾರಾದರೂ ಏನು ಕಲಿತಾರು?

ಇನ್ನು ನಮ್ಮ ಜಿಲ್ಲೆಗೆ ಮರಳೋಣ. ಕೇರಳಕ್ಕೆ ವಲಯ ಏನು ಮಾಡಿತೋ, ಶಾಲಾ ತಂಡಗಳಿಗೆ ತಾಲ್ಲೂಕು, ಜಿಲ್ಲೆಗಳ ಗಡಿ ಅದನ್ನೇ ಮಾಡುತ್ತದೆ. ಕಂಪ್ಲಿ ಬೇರೆ ತಾಲ್ಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆಯೂ ಆಯಿತು. ಹೊಸಪೇಟೆ, ಹಂಪಿ ಅತ್ತ ಹೋದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಒಡೆಯುವ ಮೊದಲು ಇದ್ದದ್ದು 11 ತಾಲ್ಲೂಕು. ಈಗ ಬಳ್ಳಾರಿಗೆ ಐದು, ವಿಜಯನಗರಕ್ಕೆ ಆರು. ತಾಲ್ಲೂಕಿಗೊಂದು ತಂಡ, ಜಿಲ್ಲೆಯಿಂದ ಗೆದ್ದ ಒಂದೇ ತಂಡ ಕಲಬುರಗಿ ವಿಭಾಗ ಮಟ್ಟಕ್ಕೆ ಎಂದು ಲೆಕ್ಕ ಹಿಡಿಯಿರಿ. ಹನ್ನೊಂದರಲ್ಲಿ ಒಂದಾಗಬೇಕಿದ್ದ ಕಂಪ್ಲಿ ಈಗ ಐದರಲ್ಲಿ ಒಂದಾದರೆ ಸಾಕು. ಹೊಸಪೇಟೆ, ಸಂಡೂರು ಎರಡೂ ಬಲಿಷ್ಠವಾಗಿದ್ದರೆ ಮೊದಲು ಜಿಲ್ಲೆಯಲ್ಲೇ ಒಂದು ಉದುರುತ್ತಿತ್ತು, ಈಗ ಎರಡೂ ವಿಭಾಗಕ್ಕೆ ಹೋಗಬಹುದು. ಒಬ್ಬ ಹುಡುಗನೂ ಹೆಚ್ಚು ಬಲಶಾಲಿಯಾಗಲಿಲ್ಲ, ಬದಲಾದದ್ದು ನಕ್ಷೆ ಮಾತ್ರ!

ನಕ್ಷೆ ತಿದ್ದುವುದು ನಮ್ಮ ಕೈಯಲ್ಲಿಲ್ಲ. ಆದರೆ ಆಟದ ಪಟ್ಟಿ ತಿದ್ದುವುದು ಶಿಕ್ಷಕರ ಕೈಯಲ್ಲಿದೆ. ಅದೇ ಎಂಟು ತಂಡಗಳು. ಮೊದಲ ಸುತ್ತಿನಲ್ಲಿ ಸೋತ ನಾಲ್ಕು ತಂಡಗಳಿಗೆ ಬೇರೊಂದು ಸಣ್ಣ ಕಪ್ ಇಡಿ. ಹೆಚ್ಚಾಗುವುದು ಮೂರೇ ಪಂದ್ಯ, ಒಟ್ಟು ಹತ್ತು. ಮೈದಾನದಲ್ಲಿ ಇನ್ನೊಂದು ಅಂಕಣಕ್ಕೆ ಸುಣ್ಣದ ಗೆರೆ ಎಳೆಯಿರಿ. ಪಂದ್ಯಕ್ಕೆ 40 ನಿಮಿಷದಂತೆ, ಎರಡು ಅಂಕಣಗಳಲ್ಲಿ ಹತ್ತೂ ಪಂದ್ಯಗಳು 3 ಗಂಟೆ 20 ನಿಮಿಷದಲ್ಲಿ ಮುಗಿಯುತ್ತವೆ. ಒಂದೇ ಅಂಕಣದಲ್ಲಿ ನಾಕೌಟಿನ ಏಳು ಪಂದ್ಯಗಳಿಗೇ 4 ಗಂಟೆ 40 ನಿಮಿಷ ಬೇಕಿತ್ತು. ಕಂಪ್ಲಿ ಕಡೆಯ ಆ ಹುಡುಗರು ಬೆಳಿಗ್ಗೆ ಸೋತರೂ, ಬುತ್ತಿ ಉಂಡು, ತಮ್ಮಂತೆಯೇ ಸೋತ ಇನ್ನೊಂದು ತಂಡದೊಡನೆ ಮತ್ತೆ ಅಂಕಣಕ್ಕೆ ಇಳಿಯಬಹುದು. ಊರ ಬಸ್ಸು ಹೇಗೂ ಸಂಜೆಗೆ ಇದ್ದೇ ಇದೆ.