ಅಷ್ಟೂರಿನ ಗುಮ್ಮಟದಡಿ ಎರಡು ಹೆಸರು

ನ್ಯೂಸ್ ಓದೋರಿಗೆ ದೊಡ್ಡ ಪರೀಕ್ಷೆ ಯಾವುದು ಗೊತ್ತಾ? ಹೆಸರು. ಅಂಕಿ ಅಂಶ ತಪ್ಪಿದ್ರೆ ತಿದ್ದಿ ಹೇಳಬಹುದು. ಹೆಸರು ತಪ್ಪಿದ್ರೆ ಆ ಮನುಷ್ಯನಿಗೇ ನೋವಾಗುತ್ತೆ. ಅದಕ್ಕೇ ಇವತ್ತು ಹೆಸರುಗಳ ಬಗ್ಗೆ ಮಾತಾಡೋಣ. ಅದನ್ನು ಕಲಿಯೋಕೆ ಬೀದರ್ ಜಿಲ್ಲೆಗಿಂತ ಒಳ್ಳೆ ಶಾಲೆ ಇಲ್ಲ.

ಬೀದರ್ ಪಟ್ಟಣದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಅಷ್ಟೂರ ಇದೆ. ಬಹಮನಿ ಸುಲ್ತಾನರ ಗುಮ್ಮಟಗಳಿರೋ ಊರು. ಅಲ್ಲಿ ಮಲಗಿರೋ ಒಬ್ಬ ಸುಲ್ತಾನ ಅಹ್ಮದ್ ಶಾ. ಆಳಿದ್ದು 1422ರಿಂದ 1436ರವರೆಗೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದವನು ಇವನೇ. ಜನ ಅವನಿಗೆ 'ವಲಿ' ಅಂದ್ರು. ವಲಿ ಅಂದ್ರೆ ಸಂತ. ಅದು ಹುಟ್ಟುಹೆಸರಲ್ಲ, ಅಡ್ಡಹೆಸರೂ ಅಲ್ಲ, ಜನ ಕೊಟ್ಟ ಗೌರವ. ಅದೇ ಗೋರಿಗೆ ಲಿಂಗಾಯತ ಭಕ್ತರು ಅಲ್ಲಮಪ್ರಭು ಅಂತ ಕೈ ಮುಗೀತಾರೆ. ಉರುಸು ನಡೆಯೋದು ಹಿಂದೂ ಪಂಚಾಂಗದ ಪ್ರಕಾರ. ಅದಕ್ಕೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರ್ತಾರೆ. ಹನ್ನೆರಡನೇ ಶತಮಾನದ ಅಲ್ಲಮ ಎಲ್ಲಿ, ಹದಿನೈದನೇ ಶತಮಾನದ ಸುಲ್ತಾನ ಎಲ್ಲಿ ಅಂತ ಇತಿಹಾಸ ಕೇಳುತ್ತೆ. ಭಕ್ತರು ಕೇಳಲ್ಲ.

ಅದೇ ಬೀದರ್‌ನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್ ಸೀಮೆಯವನು. 'ಗವಾನ್' ಅವನ ಮನೆತನದ ಹೆಸರಲ್ಲ, ಊರಿನ ಹೆಸರು. ವಿಚಿತ್ರ ಅನಿಸ್ತಾ? ಪೊಲೀಸರ ಸಂಬಳದ ವಿಚಾರದಲ್ಲಿ 'ಔರಾದ್ಕರ್ ವರದಿ' ಅಂತ ನಾವು ಎಷ್ಟು ಸಲ ಹೇಳಿಲ್ಲ? ಅದರೊಳಗೂ ಔರಾದ್ ಅನ್ನೋ ಊರು ಕೂತಿದೆ.

ಈಗ ಕ್ರಮ ನೋಡಿ. ಭಾಲ್ಕಿಯ ಈಶ್ವರ ಭೀಮಣ್ಣ ಖಂಡ್ರೆ. ಮೊದಲು ಸ್ವಂತ ಹೆಸರು, ಆಮೇಲೆ ತಂದೆ, ಕೊನೆಗೆ ಮನೆತನ. ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡ. ಮೊದಲು ಊರು ಹರದನಹಳ್ಳಿ, ಆಮೇಲೆ ತಂದೆ ದೊಡ್ಡೇಗೌಡ, ಕೊನೆಗೆ ಸ್ವಂತ ಹೆಸರು. ಒಂದೇ ರಾಜ್ಯ, ಪೂರ್ತಿ ಉಲ್ಟಾ ಲೆಕ್ಕ! ಕೊನೆಯ ಪದವನ್ನೇ ಮನೆತನದ ಹೆಸರು ಅಂತ ತಿಳಿಯೋ ವಿದೇಶದ ಫಾರಂ ಒಬ್ಬರಿಗೆ ಸರಿಹೊಂದುತ್ತೆ, ಇನ್ನೊಬ್ಬರಿಗೆ ಹೊಂದಲ್ಲ.

ಇನ್ನು 'ಅಬ್ದುಲ್ ಸಾಹೇಬ್ರೇ' ಅಂತ ಸಲೀಸಾಗಿ ಕರೆದುಬಿಡ್ತೀವಿ. ಅಬ್ದುಲ್ ರೆಹಮಾನ್ ಅಂದ್ರೆ 'ದಯಾಮಯನ ಸೇವಕ'. ಬರೀ ಅಬ್ದುಲ್ ಅಂದ್ರೆ '…ನ ಸೇವಕ'. ಯಾರ ಸೇವಕ ಅನ್ನೋದೇ ಬಿಟ್ಟುಹೋಯ್ತು! ಸೈಯದ್, ಮೊಹಮ್ಮದ್ ಅಂತ ಶುರುವಾದ್ರೂ ಮನೆಯಲ್ಲಿ ಕರೆಯೋ ಹೆಸರು ಎಷ್ಟೋ ಸಲ ಎರಡನೇದು.

ಹೆಸರು ಬದಲಾಯಿಸಿ ಜಾತಿಯನ್ನೇ ದಾಟಿದವರೂ ಬೀದರ್‌ನಲ್ಲಿದ್ದಾರೆ. ಸಿಖ್ಖರ ಪಂಚ ಪ್ಯಾರೆಗಳಲ್ಲಿ ಒಬ್ಬರು ಬೀದರ್‌ನ ಕ್ಷೌರಿಕ ಕುಟುಂಬದ ಸಾಹಿಬ್ ಚಂದ್. 1699ರಲ್ಲಿ ಆನಂದಪುರದಲ್ಲಿ ಸಾಹಿಬ್ ಸಿಂಗ್ ಆದ್ರು. ಎಲ್ಲ ಗಂಡಸರಿಗೂ ಸಿಂಗ್, ಹೆಂಗಸರಿಗೆ ಕೌರ್ ಅಂದಮೇಲೆ ಹೆಸರು ನೋಡಿ ಜಾತಿ ಅಳೆಯೋದು ಹೇಗೆ?

ಇದೆಲ್ಲ ಬರೀ ಕುತೂಹಲ ಅಲ್ಲ ಸ್ವಾಮಿ. ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಳೇ ಕಾಗದಪತ್ರ ಉರ್ದುವಿನಲ್ಲಿವೆ. ಉರ್ದು ಬರವಣಿಗೆಯಲ್ಲಿ ಹ್ರಸ್ವ ಸ್ವರದ ಗುರುತು ಸಾಮಾನ್ಯವಾಗಿ ಹಾಕಲ್ಲ. ಹಾಗಾಗಿ ಒಂದೇ ಹೆಸರನ್ನು ಇಬ್ಬರು ಎರಡು ಥರ ಓದಬಹುದು. ಅಜ್ಜನ ಹೆಸರು ಉರ್ದು ದಾಖಲೆಯಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು, ಮೊಮ್ಮಗನ ಆಧಾರ್‌ನಲ್ಲಿ ಮತ್ತೊಂದು ಆದ್ರೆ? ಹೊಲ ಅದೇ, ಉಳೋನೂ ಅವನೇ. ಆದ್ರೂ 'ಇದು ನಾನೇ' ಅಂತ ಅಫಿಡವಿಟ್ ಹಿಡಿದು ಅಲೀಬೇಕು.

ಉಪಾಯ ಸುಲಭ. ಗೊತ್ತಿಲ್ಲದ ಹೆಸರು ಬಂದ್ರೆ ಊಹೆ ಬೇಡ. 'ನಿಮ್ಮನ್ನ ಏನಂತ ಕರೀಬೇಕು?' ಅಂತ ಕೇಳಿ. ಕೌಂಟರಿನಲ್ಲಿ ಕೂತಿದ್ರೆ, ಬರೆದ ಹೆಸರನ್ನು ಅವರಿಗೇ ಒಮ್ಮೆ ಓದಿ ಹೇಳಿ. ಅರ್ಧ ನಿಮಿಷದ ಕೆಲಸ, ಒಬ್ಬರ ಎಷ್ಟೋ ದಿನದ ಅಲೆದಾಟ ತಪ್ಪುತ್ತೆ. ಒಂದೇ ಗೋರಿಗೆ ಎರಡು ಹೆಸರಿಟ್ಟು ಒಟ್ಟಿಗೆ ಜಾತ್ರೆ ಮಾಡೋ ಜನ ಇರೋ ನಾಡಿನಲ್ಲಿ, ಒಬ್ಬ ಮನುಷ್ಯನ ಒಂದು ಹೆಸರನ್ನು ಸರಿಯಾಗಿ ಹೇಳೋದು ನಮ್ಮ ಕೈಲಾಗಲ್ವಾ?